ಅಳುವ ಮೊದಲೇ ಮಗು ಏನು ಹೇಳುತ್ತದೆ?

ಎಲ್ಲರಿಗೂ ನಮಸ್ಕಾರ. ಗಂಡಂದಿರೆಲ್ಲ ಹಿಂದಿನ ಸಾಲಿನಲ್ಲಿ ಕೂತಿದ್ದೀರಿ. ದಯವಿಟ್ಟು ಮುಂದೆ ಬನ್ನಿ. ಇವತ್ತು ನಿಮ್ಮ ಹತ್ತಿರ ಮಾತಾಡುವುದೇ ಜಾಸ್ತಿ ಇದೆ.

ಬಾಣಂತಿ ವಾರ್ಡಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: 'ಮಗು ಯಾಕೆ ಅಳ್ತಿದೆ?' ಅಳುವ ಮೊದಲು ಅದು ಏನು ಮಾಡುತ್ತಿತ್ತು ಅಂತ ನಾನು ತಿರುಗಿ ಕೇಳುತ್ತೇನೆ. ಯಾರೂ ನೋಡಿರುವುದಿಲ್ಲ. ಹಸಿವನ್ನೇ ತಗೊಳ್ಳಿ. ಮೊದಲು ಮಗು ನಿದ್ದೆಯಲ್ಲೇ ಮಿಸುಕಾಡುತ್ತದೆ. ಬಾಯಿ ಚಪ್ಪರಿಸುತ್ತದೆ. ಕೆನ್ನೆಗೆ ಏನಾದರೂ ತಾಗಿದರೆ ಆ ಕಡೆ ತಿರುಗಿ ಬಾಯಿ ತೆರೆದು ಹುಡುಕುತ್ತದೆ. ಮುಷ್ಟಿಯನ್ನು ಬಾಯಿಗೆ ತರುತ್ತದೆ. ಇಷ್ಟಾದರೂ ಯಾರೂ ಎತ್ತಿಕೊಳ್ಳದಿದ್ದರೆ ಆಗ ಅಳು. ಅಷ್ಟು ಹೊತ್ತಿಗೆ ಮೈಯೆಲ್ಲ ಬಿಗಿಯಾಗಿ, ಮೊಲೆ ಹಿಡಿಯುವುದೇ ಕಷ್ಟವಾಗುತ್ತದೆ. 'ಹಾಲು ಸಾಲ್ತಿಲ್ಲ' ಅನ್ನುವ ಮಾತು ಎಷ್ಟೋ ಮನೆಗಳಲ್ಲಿ ಹುಟ್ಟುವುದು ಇಲ್ಲೇ. ಮೊದಲ ಸನ್ನೆಗೇ ಹಾಲು ಕೊಟ್ಟು ನೋಡಿ.

ಅಮೆರಿಕದ ಮಕ್ಕಳ ವೈದ್ಯ ಬೆರ್ರಿ ಬ್ರೇಜಲ್ಟನ್ 1973ರಲ್ಲಿ ಹಸುಗೂಸಿನ ನಡವಳಿಕೆಯನ್ನು ಅಳೆಯುವ ಒಂದು ಕ್ರಮವನ್ನು ಪ್ರಕಟಿಸಿದರು. ಅದರಲ್ಲಿ ಮಗುವಿನ ಆರು ಸ್ಥಿತಿಗಳಿವೆ: ಗಾಢ ನಿದ್ದೆ, ಹಗುರ ನಿದ್ದೆ, ಮಂಪರು, ಶಾಂತವಾದ ಎಚ್ಚರ, ಕೈಕಾಲು ಬಡಿಯುವ ಎಚ್ಚರ, ಅಳು. ನಮಗೆ ಬೇಕಾಗಿರುವುದು ನಾಲ್ಕನೆಯದು. ಕಣ್ಣು ಹೊಳೆಯುತ್ತಿರುತ್ತದೆ, ಕೈಕಾಲು ಸುಮ್ಮನಿರುತ್ತದೆ, ಉಸಿರು ಒಂದೇ ಸಮ ಇರುತ್ತದೆ. ಮೊದಮೊದಲು ಇದು ಕೆಲವೇ ನಿಮಿಷ. 'ಪಾಪು ಸುಮ್ನಿದೆ, ಅಷ್ಟರಲ್ಲಿ ಬಟ್ಟೆ ಒಗೆದು ಬರೋಣ' ಅಂತ ಎದ್ದು ಹೋಗುವ ಹೊತ್ತು ಅದೇ. ಹೋಗಬೇಡಿ. ಬಟ್ಟೆ ಯಾರಾದರೂ ಒಗೆಯಲಿ.

ಆಗ ನಿಮ್ಮ ಮುಖವನ್ನು 20-30 ಸೆಂಟಿಮೀಟರ್ ದೂರದಲ್ಲಿ ಇಡಿ. ಹೆಚ್ಚು ಕಡಿಮೆ ಹಾಲು ಕುಡಿಯುವ ಮಗುವಿಗೂ ತಾಯಿಯ ಮುಖಕ್ಕೂ ಇರುವ ದೂರ ಅದು. ಅದರಾಚೆ ಹಸುಗೂಸಿಗೆ ಎಲ್ಲ ಮಸುಕು. ಮೆಲ್ಲಗೆ ಮಾತಾಡಿ, ನಿಲ್ಲಿಸಿ, ಕಾಯಿರಿ. ಹುಬ್ಬು ಏರಬಹುದು, ತುಟಿ ಅಲುಗಬಹುದು, ದನಿ ಬಂದ ಕಡೆ ತಲೆ ನಿಧಾನವಾಗಿ ತಿರುಗಬಹುದು. ಅದಕ್ಕೆ ಹೊತ್ತು ಬೇಕು. ನಾವೋ ಎರಡು ಸೆಕೆಂಡ್ ಕಾಯದೆ ಗಿಲಕಿ ಅಲ್ಲಾಡಿಸಿಬಿಡುತ್ತೇವೆ.

ಇನ್ನು ಅಪ್ಪಂದಿರ ವಿಷಯ. 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಸಂಶೋಧಕರು ಹುಟ್ಟಿ ಮೂರು ದಿನವೂ ಆಗದ ಕೂಸುಗಳ ಬಾಯಿಗೆ ರಬ್ಬರ್ ತೊಟ್ಟು ಕೊಟ್ಟರು. ಚೀಪುವ ರೀತಿ ಬದಲಾದರೆ ಕೇಳಿಸುವ ದನಿ ಬದಲಾಗುತ್ತಿತ್ತು. ಕೂಸುಗಳು ತಮ್ಮ ತಾಯಿಯ ದನಿಯೇ ಬರುವ ಹಾಗೆ ಚೀಪಿದವು. ಹೊಟ್ಟೆಯೊಳಗೇ ಆ ದನಿ ಪರಿಚಯವಾಗಿತ್ತಲ್ವಾ! 1984ರಲ್ಲಿ ಅಪ್ಪನ ದನಿಯನ್ನು ಹೀಗೇ ಕೇಳಿಸಿ ನೋಡಿದಾಗ ಅಂಥ ಒಲವು ಕಾಣಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪರಿಚಯ ಹುಟ್ಟಿದ ಮೇಲೆ ಆಗಬೇಕು, ಅಷ್ಟೇ.

ಆದರೆ ನಮ್ಮಲ್ಲಿ ಬಾಣಂತನ ತವರಿನಲ್ಲಿ. ಹೆಂಡತಿ ಹಾಸನದಲ್ಲಿ, ಗಂಡ ಬೆಂಗಳೂರಿನಲ್ಲಿ, ಮಗು ವಿಡಿಯೋ ಕಾಲಿನಲ್ಲಿ. ತವರಿನ ಆರೈಕೆ ತಾಯಿಗೆ ಬೇಕು, ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಇರುವ ರಜೆಯನ್ನೆಲ್ಲ ಹಾಕಿ ಅಪ್ಪ ಹೋಗಿ ಅಲ್ಲೇ ಇರಬೇಕು. ಅತ್ತೆ ಮನೆಯವರೂ ಅಳಿಯನನ್ನು ಹಾಲ್‌ನಲ್ಲಿ ಕೂರಿಸಿ ಕಾಫಿ ಕೊಟ್ಟು ಕಳಿಸಬಾರದು. ಅಂಗಿ ಬಿಚ್ಚಿ, ಡಯಾಪರ್ ಮಾತ್ರ ಹಾಕಿದ ಮಗುವನ್ನು ಎದೆಯ ಮೇಲೆ ಮಲಗಿಸಿಕೊಳ್ಳಿ, ಮೇಲೊಂದು ಹೊದಿಕೆ ಇರಲಿ. ಮಗುವಿನ ಮುಖ ಕಾಣುತ್ತಿರಲಿ, ನಿಮಗೆ ಮಾತ್ರ ನಿದ್ದೆ ಬರಬಾರದು. ಇದು ಕಾಂಗರೂ ಆರೈಕೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಕಡಿಮೆ ತೂಕದ ಕೂಸುಗಳನ್ನು ಉಳಿಸಿಕೊಳ್ಳಲು ಶುರುವಾದದ್ದು. ತೂಕ ಸರಿಯಿರುವ ಮಗುವಿಗೂ, ಅಪ್ಪನಿಗೂ ಇದು ಒಳ್ಳೆಯದೇ. ಹಾಲಾದ ಮೇಲೆ ಭುಜಕ್ಕೆ ಹಾಕಿ ತೇಗು ಬರಿಸುವುದೂ ನಿಮ್ಮ ಕೆಲಸವಾಗಲಿ.

ಅಜ್ಜಿಯರಿಗೆ ಒಂದು ಮಾತು. ನೀರು ಹಾಕುವಾಗ ಕಾಲು ಚಾಚಿ ಕೂತು, ಮಗುವನ್ನು ಮಲಗಿಸಿಕೊಂಡು, 'ಬಂತು ನೋಡು ನೀರು, ಬೆನ್ನಿಗೆ ಬಂತು' ಅಂತ ಹೇಳಿ ಹೇಳಿ ಹಾಕುತ್ತೀರಲ್ಲ, ಅದೇ ನಾನು ಇಷ್ಟು ಹೊತ್ತು ಹೇಳಿದ್ದು. ಅದನ್ನು ಮಗಳಿಗೂ ಅಳಿಯನಿಗೂ ತೋರಿಸಿಕೊಡಿ. ಸಾಂಬ್ರಾಣಿ ಹೊಗೆ ಮಾತ್ರ ಬೇಡ, ಎಳೇ ಶ್ವಾಸಕೋಶ ಅದು.

ಮಗುವಿಗೆ 'ಸಾಕು' ಅನ್ನುವುದೂ ಗೊತ್ತು. ಮುಖ ತಿರುಗಿಸುತ್ತದೆ, ಆಕಳಿಸುತ್ತದೆ, ಬೆರಳು ಅಗಲಿಸುತ್ತದೆ, ಬೆನ್ನು ಬಿಲ್ಲು ಮಾಡುತ್ತದೆ. ನಾಮಕರಣದ ದಿನ ನೋಡಿ. ಕೈಯಿಂದ ಕೈಗೆ ಹೋಗುತ್ತಾ ಮಗು ಇದನ್ನೆಲ್ಲ ಮಾಡಿ ಮುಗಿಸಿರುತ್ತದೆ. ನಾವು 'ಈ ಕಡೆ ನೋಡು ಚಿನ್ನು' ಅಂತ ಗಲ್ಲ ಹಿಡಿದು ತಿರುಗಿಸುತ್ತೇವೆ. ಸಂಜೆ ಚೀರಾಟ ಶುರುವಾದರೆ ದೃಷ್ಟಿ ಆಯಿತು ಅನ್ನುತ್ತೇವೆ. ಅರ್ಧ ಗಂಟೆಗೊಮ್ಮೆ ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ. ನೆಂಟರು ಏನಾದರೂ ಅಂದುಕೊಳ್ಳಲಿ.

ಕೆಲವು ತಾಯಂದಿರಿಗೆ ಮಗುವನ್ನು ನೋಡಿದರೆ ಏನೂ ಅನ್ನಿಸುವುದಿಲ್ಲ. ಹೇಳಿಕೊಳ್ಳಲು ಭಯ. ಮೊದಲ ದಿನವೇ ಪ್ರೀತಿ ಉಕ್ಕಬೇಕು ಅಂತೇನಿಲ್ಲ, ಅದು ನಿಧಾನಕ್ಕೂ ಬರುತ್ತದೆ. ಆದರೆ ಎರಡು ವಾರ ದಾಟಿದರೂ ಅಳು, ನಿದ್ದೆ ಬಾರದಿರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಹಾಗೇ ಇದ್ದರೆ ಡಾಕ್ಟರಿಗೆ ಹೇಳಲೇಬೇಕು. ಮಗುವಿಗೋ ತನಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಬೇರೆ ಮಾಡದೆ, ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ. ಈ ನಂಬರನ್ನು ಗಂಡಂದಿರು ಈಗಲೇ ಫೋನಿನಲ್ಲಿ ಹಾಕಿಕೊಳ್ಳಿ, ಆಮೇಲೆ ಪ್ರಶ್ನೆ ಕೇಳಿ.