ಆಸ್ಪತ್ರೆ ಯಾವುದು ಅಂತ ಮೊದಲು ಕೇಳಿ

ಕೇಳುಗರಿಗೆಲ್ಲ ನಮಸ್ಕಾರ.

ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್ ಬಂತು ಅಂದರೆ ಸಾಕು, ಬಸ್ ಸ್ಟ್ಯಾಂಡಿನ ಕಂಬ, ಆಟೋ ಹಿಂಭಾಗ, ಎಲ್ಲಿ ನೋಡಿದರೂ ಪ್ಯಾರಾಮೆಡಿಕಲ್ ಕಾಲೇಜಿನ ಪೋಸ್ಟರ್. ಬಿಳಿ ಕೋಟು ಹಾಕಿದ ಹುಡುಗಿ ನಗುತ್ತಿರುತ್ತಾಳೆ, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 'ನೂರಕ್ಕೆ ನೂರು ಕೆಲಸ ಗ್ಯಾರಂಟಿ'. ಲ್ಯಾಬ್, ಎಕ್ಸ್-ರೇ, ಡಯಾಲಿಸಿಸ್, ಆಪರೇಷನ್ ಥಿಯೇಟರ್, ಯಾವುದು ಬೇಕೋ ಅದಕ್ಕೆ ಸೇರಬಹುದು. ಆ ಪೋಸ್ಟರಿನ ಫೋನ್ ನಂಬರನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಿರುವ ಅಪ್ಪ ಅಮ್ಮಂದಿರಿಗೆ ಇವತ್ತು ನಾನು ಒಂದೇ ಒಂದು ಮಾತು ಹೇಳಬೇಕು. ಫೋನ್ ಮಾಡಿದ ತಕ್ಷಣ ಫೀಸು ಎಷ್ಟು ಅಂತ ಕೇಳಬೇಡಿ. ಮಕ್ಕಳು ಕೆಲಸ ಕಲಿಯುವ ಆಸ್ಪತ್ರೆ ಯಾವುದು ಅಂತ ಕೇಳಿ.

ನಾನು 30 ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿದವನು. ಹೊಸದಾಗಿ ಬಂದ ಮಕ್ಕಳಿಗೆ ಕೆಲಸ ಹೇಳಿಕೊಟ್ಟವನು. ಅದರಲ್ಲಿ ಒಬ್ಬಳ ಕತೆ ಹೇಳುತ್ತೇನೆ.

ತಿಪಟೂರು ಕಡೆಯ ಹುಡುಗಿ. ಪಿಯುಸಿ ಸೈನ್ಸ್ ಮುಗಿಸಿ, ಒಂದು ಪ್ರೈವೇಟ್ ಕಾಲೇಜಿನಲ್ಲಿ ಎರಡು ವರ್ಷದ ಲ್ಯಾಬ್ ಡಿಪ್ಲೊಮಾ ಮಾಡಿದ್ದಳು. ಅವಳಪ್ಪ ತೆಂಗಿನ ತೋಟದವರು. ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ ಕೊಬ್ಬರಿ ಮಾಡಿ, ಆ ದುಡ್ಡನ್ನು ಎರಡು ವರ್ಷ ಹಾಗೇ ಫೀಸಿಗೆ ಕಟ್ಟಿದ್ದರು. ಮಗಳ ಮಾರ್ಕ್ಸ್ ಕಾರ್ಡೂ ಚೆನ್ನಾಗಿತ್ತು. ನಮ್ಮಲ್ಲಿ ಕೆಲಸ ಸಿಕ್ಕಿತು. ಮೊದಲ ದಿನ ಬೆಳಿಗ್ಗೆ ಒಬ್ಬ ಅಜ್ಜ ಕೈ ಚಾಚಿ ಕೂತರು, ರಕ್ತ ತೆಗಿಯಮ್ಮ ಅಂದೆ. ಅವಳು ತೋಳಿಗೆ ಪಟ್ಟಿ ಕಟ್ಟಿದಳು, ಸಿರಿಂಜ್ ಹಿಡಿದಳು, ಹಾಗೇ ನಿಂತುಬಿಟ್ಟಳು. ಕೈ ಗಡಗಡ ನಡುಗುತ್ತಿತ್ತು. ಪಕ್ಕಕ್ಕೆ ಕರೆದು ಏನಾಯ್ತಮ್ಮ ಅಂದರೆ, "ಸರ್, ನಾನು ರಬ್ಬರ್ ಕೈಗೆ ಮಾತ್ರ ಚುಚ್ಚಿರೋದು" ಅಂದಳು. 40 ಮಕ್ಕಳಿಗೆ ಒಂದು ರಬ್ಬರ್ ಕೈ! ಆಸ್ಪತ್ರೆಗೆ ಕರೆದುಕೊಂಡು ಹೋಗಲಿಲ್ವಾ ಅಂತ ಕೇಳಿದೆ. ಎರಡು ದಿನ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದರಂತೆ. ಬಾಗಿಲ ಹತ್ತಿರ ನಿಲ್ಲಿಸಿ ಫೋಟೋ ತೆಗೆದು ವಾಪಸ್ ತಂದರಂತೆ.

ಇಷ್ಟಕ್ಕೇ ಮುಗಿಯಲಿಲ್ಲ. ಒಂದು ವಾರದ ಮೇಲೆ ಅವಳು ತೆಗೆದ ರಕ್ತದ ರಿಪೋರ್ಟ್ ನನ್ನ ಕೈಗೆ ಬಂತು. ಪೊಟ್ಯಾಸಿಯಂ 12ಕ್ಕಿಂತ ಜಾಸ್ತಿ. ಆರೋಗ್ಯವಾಗಿರುವವರಲ್ಲಿ ಅದು ಮೂರೂವರೆಯಿಂದ ಐದರ ಆಸುಪಾಸು ಇರುತ್ತದೆ. 12 ಇದ್ದರೆ ಹೃದಯ ನಿಂತುಹೋಗಬೇಕು. ಆ ಪೇಷೆಂಟ್ ನೋಡಿದರೆ ಹೊರಗೆ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದಾರೆ! ಕ್ಯಾಲ್ಸಿಯಂ ನೋಡಿದೆ, ಅದು ಪಾತಾಳಕ್ಕೆ ಇಳಿದಿದೆ. ನನಗೆ ಅಲ್ಲೇ ಗೊತ್ತಾಯಿತು. ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ಜಾಸ್ತಿ ಬಿದ್ದಿತ್ತು, ಪೊಟ್ಯಾಸಿಯಂ, ಕ್ಯಾಲ್ಸಿಯಂ ನೋಡುವ ಕೆಂಪು ಮುಚ್ಚಳದ್ದಕ್ಕೆ ಸಾಲದೆ ಬಂದಿತ್ತು, ಇವಳು ಅದರಿಂದ ಇದಕ್ಕೆ ಸ್ವಲ್ಪ ಸುರಿದಿದ್ದಳು. ಮನೆಯಲ್ಲಿ ಒಂದು ಲೋಟದಿಂದ ಇನ್ನೊಂದಕ್ಕೆ ಕಾಫಿ ಸುರಿಯುತ್ತೇವಲ್ಲ, ಹಾಗೆ. ನೇರಳೆ ಟ್ಯೂಬಿನೊಳಗೆ ಇಡಿಟಿಎ ಅನ್ನೋ ಪುಡಿ ಇರುತ್ತದೆ. ಅದು ಪೊಟ್ಯಾಸಿಯಂ ಲವಣ. ರಕ್ತದ ಕ್ಯಾಲ್ಸಿಯಂ ಹಿಡಿದುಕೊಂಡು ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುತ್ತದೆ. ಅಲ್ಲಿಯ ರಕ್ತ ಇಲ್ಲಿಗೆ ಬಂದರೆ ಪೊಟ್ಯಾಸಿಯಂ ಸುಳ್ಳು, ಕ್ಯಾಲ್ಸಿಯಂ ಸುಳ್ಳು. ಆ ರಿಪೋರ್ಟ್ ನಂಬಿ ಡಾಕ್ಟರು ಔಷಧಿ ಕೊಟ್ಟಿದ್ದರೆ?

ನನಗೆ ತುಂಬಾ ಬೇಜಾರಾಗಿದ್ದು ಆಮೇಲೆ. ಇಡಿಟಿಎ ಏನು ಮಾಡುತ್ತದೆ ಹೇಳಮ್ಮ ಅಂದೆ. ಪಟಪಟ ಅಂತ ಹೇಳಿದಳು, ಒಂದಕ್ಷರ ತಪ್ಪಿಲ್ಲ. ಪರೀಕ್ಷೆಯಲ್ಲಿ ಬರೆದು ಪೂರ್ತಿ ಮಾರ್ಕ್ಸ್ ತೆಗೆದಿದ್ದಳಂತೆ. ಹಾಗಾದರೆ ಯಾಕಮ್ಮ ಸುರಿದೆ ಅಂದಾಗ ಅವಳ ಕಣ್ಣಲ್ಲಿ ನೀರು. ನೋಟ್ಸಿನಲ್ಲಿ ಓದಿದ ಇಡಿಟಿಎ ಈ ಟ್ಯೂಬಿನ ತಳದಲ್ಲೇ ಕೂತಿದೆ ಅಂತ ಅವಳಿಗೆ ಯಾರೂ ತೋರಿಸಿರಲಿಲ್ಲ. ಇದು ಆ ಮಗುವಿನ ತಪ್ಪಾ? ಖಂಡಿತ ಅಲ್ಲ. ನಮ್ಮ ಲ್ಯಾಬಿನಲ್ಲೇ ಎಂಟು ತಿಂಗಳು ಮತ್ತೆ ಮೊದಲಿಂದ ಕಲಿತಳು, ಈಗ ಎಳೆಮಕ್ಕಳ ರಕ್ತವನ್ನೂ ಒಂದೇ ಸಲಕ್ಕೆ ತೆಗೆಯುತ್ತಾಳೆ. ಆದರೆ ಅವಳಪ್ಪ ಎರಡು ವರ್ಷ ದುಡ್ಡು ಕಟ್ಟಿದ್ದು ಇದನ್ನು ಕಲಿಸುತ್ತಾರೆ ಅಂತ ತಾನೇ? ನಾನು ಆ ಕಾಲೇಜಿಗೆ ಫೋನ್ ಮಾಡಿದೆ. ಸಿಲಬಸ್ ಎಲ್ಲ ಕಂಪ್ಲೀಟ್ ಮಾಡಿದ್ದೀವಿ ಸರ್ ಅಂದರು. ನನಗೆ ಸಿಟ್ಟು ಬಂತು, ಈಗಲೂ ಇದೆ.

ಅದಕ್ಕೇ ಮತ್ತೆ ಹೇಳುತ್ತೇನೆ, ಆಸ್ಪತ್ರೆ ಯಾವುದು ಅಂತ ಕೇಳಿ. ಹೆಸರು ಹೇಳಿದರು ಅಂತ ಸುಮ್ನೆ ವಾಪಸ್ ಬರಬೇಡಿ. ಒಂದು ಸೋಮವಾರವೋ ಮಂಗಳವಾರವೋ ಬೆಳಿಗ್ಗೆ ಎಂಟು ಗಂಟೆಗೆ ಆ ಆಸ್ಪತ್ರೆಗೇ ಹೋಗಿ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರ ಸಾಲು ಇರುವ ಹೊತ್ತು ಅದು. ಆ ಕಾಲೇಜಿನ ಯೂನಿಫಾರ್ಮ್ ಹಾಕಿದ ಮಕ್ಕಳು ಅಲ್ಲಿ ಇದ್ದಾರಾ? ಕೈಯಲ್ಲಿ ಕೆಲಸ ಇದೆಯಾ, ಗೋಡೆಗೆ ಒರಗಿ ನಿಂತಿದ್ದಾರಾ? ಅರ್ಧ ಗಂಟೆ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಆಮೇಲೆ ಕಾಲೇಜಿನ ಎದುರಿನ ಟೀ ಅಂಗಡಿಗೆ ಹೋಗಿ, ಕೊನೆ ವರ್ಷದ ಮಕ್ಕಳನ್ನು ಮಾತಾಡಿಸಿ. ಇಲ್ಲಿಯವರೆಗೆ ಎಷ್ಟು ಜನರ ರಕ್ತ ತೆಗೆದಿದ್ದೀಯಪ್ಪ ಅಂತ ಕೇಳಿ. ಆಫೀಸಿನಲ್ಲಿ ಕೂತಿರುವ ಮೇಡಂ ಹೇಳದೆ ಇರುವುದನ್ನು ಆ ಮಕ್ಕಳು ಹೇಳುತ್ತಾರೆ.

ಸಮಯ ಕಮ್ಮಿ ಇದೆ, ಉಳಿದಿದ್ದನ್ನು ಬೇಗ ಹೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ ಈ ಡಿಪ್ಲೊಮಾಗಳಿಗೆ ಪ್ಯಾರಾಮೆಡಿಕಲ್ ಬೋರ್ಡ್ ಇದೆ, ನರ್ಸಿಂಗಿಗೆ ಬೇರೆ ನರ್ಸಿಂಗ್ ಕೌನ್ಸಿಲ್ ಇದೆ. ನಿಮ್ಮ ಮಗು ಸೇರುವ ಕೋರ್ಸಿಗೇ ಮಾನ್ಯತೆ ಇದೆಯಾ ಅಂತ ಅಲ್ಲಿ ವಿಚಾರಿಸಿ, ಗೋಡೆಗೆ ತೂಗುಹಾಕಿದ ಫ್ರೇಮ್ ನೋಡಿ ನಂಬಬೇಡಿ. ಇನ್ನು ಆರು ತಿಂಗಳ ಕೋರ್ಸು. 2021ರಲ್ಲಿ ಕೇಂದ್ರ ಸರ್ಕಾರ ಈ ಲ್ಯಾಬ್, ಎಕ್ಸ್-ರೇ ಥರದ ಕೆಲಸಗಳಿಗೆ ಅಂತ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ತಂದಿದೆ. ಅದರಲ್ಲಿ ಇಂಥ ಡಿಪ್ಲೊಮಾ ಕಮ್ಮಿ ಅಂದರೂ 2,000 ಗಂಟೆ ಇರಬೇಕು, ಎರಡರಿಂದ ನಾಲ್ಕು ವರ್ಷದಲ್ಲಿ ಹಂಚಿರಬೇಕು ಅಂತ ಬರೆದಿದೆ. ಆರು ತಿಂಗಳಲ್ಲಿ 2,000 ಗಂಟೆ ಅಂದರೆ, ಭಾನುವಾರ ರಜ ಬಿಟ್ಟು ದಿನಕ್ಕೆ ಸುಮಾರು 13 ಗಂಟೆ ಪಾಠ ಆಗಬೇಕು. ಯಾವ ಕಾಲೇಜಿನಲ್ಲಿ ಆಗುತ್ತದೆ ಹೇಳಿ!

ಎಕ್ಸ್-ರೇಗೆ ಸೇರಿಸುವವರು, ಮಕ್ಕಳ ಎದೆ ಮೇಲೆ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇರುತ್ತದಾ ಅಂತ ಕೇಳಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸಿ ವಾಪಸ್ ತನ್ನಿ, ಅಲ್ಲೇ ಬಿಟ್ಟುಬಂದರೆ ಆಮೇಲೆ ಬೇರೆ ಕಡೆ ಸೇರಬೇಕು ಅಂದಾಗ ಕಷ್ಟ. ಬೆಂಗಳೂರು, ಮೈಸೂರಿನ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲೂ ಪ್ಯಾರಾಮೆಡಿಕಲ್ ಕೋರ್ಸುಗಳಿವೆ. ಸೀಟು ಕಮ್ಮಿ, ಆದರೆ ಆಸ್ಪತ್ರೆ ಅಲ್ಲೇ ಇದೆ, ಪೇಷೆಂಟುಗಳು ಬೆಳಗಾದರೆ ಬಾಗಿಲಲ್ಲಿ ಇರುತ್ತಾರೆ. ಮೊದಲು ಅಲ್ಲಿ ಅರ್ಜಿ ಹಾಕಿ. ಸಿಗಲಿಲ್ಲ ಅಂದರೆ ಪ್ರೈವೇಟಿಗೆ ಹೋಗಿ, ಒಳ್ಳೆಯವೂ ಇವೆ. ಹೋಗುವ ಮುಂಚೆ ಆ ಬೆಳಿಗ್ಗೆ ಎಂಟು ಗಂಟೆಯ ಬಸ್ ಹಿಡಿಯುವುದನ್ನು ಮಾತ್ರ ಮರೀಬೇಡಿ.

ನಮಸ್ಕಾರ.