ಇಂಗ್ಲಿಷ್ ನುಡಿಗಟ್ಟು: ಅರ್ಥ ಗೊತ್ತಾದರೆ ಸಾಲದು

ಕೇಳುಗರಿಗೆ ನಮಸ್ಕಾರ.

‘ಕಿಕ್ ದ ಬಕೆಟ್’ ಎಂದರೆ ಸಾಯುವುದು. ಇಷ್ಟನ್ನು ಯಾವ ನಿಘಂಟಾದರೂ ಹೇಳುತ್ತದೆ. ಆದರೆ ಸಹೋದ್ಯೋಗಿಯ ತಂದೆ ತೀರಿಕೊಂಡಾಗ ಸಂತಾಪದ ಪತ್ರದಲ್ಲಿ ಇದನ್ನು ಬರೆದರೆ ಓದಿದವರಿಗೆ ನೋವಾಗುತ್ತದೆ. ಅದು ನಮ್ಮ ‘ಗೊಟಕ್ ಅಂದ’ ಎಂಬಂಥ ಹಗುರ ಮಾತು. ಅಲ್ಲಿ ‘ಪಾಸ್ಡ್ ಅವೇ’ ಎನ್ನಬೇಕು. ನುಡಿಗಟ್ಟನ್ನು ಯಾರು, ಯಾರಿಗೆ, ಎಂಥ ಹೊತ್ತಿನಲ್ಲಿ ಹೇಳುತ್ತಾರೆ ಎಂಬುದನ್ನೂ ಅರ್ಥದ ಜೊತೆಗೇ ಕಲಿಯಬೇಕು.

‘ಅಂಡರ್ ದ ವೆದರ್’ ಎಂದರೆ ಮೈ ಸ್ವಲ್ಪ ಸರಿಯಿಲ್ಲ ಎಂದಷ್ಟೇ. ನೆಗಡಿಗೆ, ಸುಸ್ತಿಗೆ ಸರಿ. ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಮಲಗಿದವರ ಬಗ್ಗೆ ಹೀಗೆಂದರೆ ಕಾಯಿಲೆಯನ್ನೇ ಲಘುವಾಗಿ ಕಂಡಂತಾಗುತ್ತದೆ.

ನಾವು ಹೆಚ್ಚಾಗಿ ಎಡವುವುದು ಕನ್ನಡದಲ್ಲೂ ಇದೆಯಲ್ಲ ಎನ್ನಿಸುವ ಮಾತುಗಳಲ್ಲಿ. ‘ಪುಲ್ಲಿಂಗ್ ಮೈ ಲೆಗ್’ ನೋಡಿ. ಕನ್ನಡದಲ್ಲಿ ಕಾಲೆಳೆಯುವುದೆಂದರೆ ತಮಾಷೆ ಮಾಡುವುದೂ ಹೌದು, ಮೇಲೇರುವವರನ್ನು ಕೆಳಕ್ಕೆ ಕೆಡಹುವುದೂ ಹೌದು. ಇಂಗ್ಲಿಷಿನಲ್ಲಿ ತಮಾಷೆ ಮಾತ್ರ: ಸುಳ್ಳನ್ನು ನಿಜವೆಂಬಂತೆ ಹೇಳಿ ನಂಬಿಸಿ ನಗುವುದು. ಜೊತೆಯವರು ತುಳಿಯುತ್ತಿದ್ದಾರೆಂದು ಮೇಲಧಿಕಾರಿಗೆ ದೂರುವಾಗ ಈ ಮಾತು ಬಳಸಿದರೆ, ನಿಮ್ಮೊಡನೆ ಅವರು ಸಲುಗೆಯಿಂದಿದ್ದಾರೆ ಎಂದೇ ಕೇಳಿಸುತ್ತದೆ. ದೂರು ಅಲ್ಲಿಗೇ ನಿಲ್ಲುತ್ತದೆ.

ಇನ್ನು ಪದಗಳ ಕಟ್ಟು. ‘ಸ್ಪಿಲ್ ದ ಬೀನ್ಸ್’, ಗುಟ್ಟು ರಟ್ಟು ಮಾಡುವುದು. ಕ್ರಿಯಾಪದ ಕಾಲಕ್ಕೆ ತಕ್ಕಂತೆ ‘ಸ್ಪಿಲ್ಡ್’ ಆಗಬಹುದು, ಆದರೆ ‘ಬೀನ್ಸ್’ ಹೋಗಿ ‘ಬೀನ್’ ಆದರೆ ಕಟ್ಟು ಕಳಚಿತು. ನೀರು ಕುಡಿದಷ್ಟು ಸುಲಭ ಎನ್ನಲು ‘ಎ ಪೀಸ್ ಆಫ್ ಕೇಕ್’ ಎನ್ನುತ್ತಾರೆ. ಪರೀಕ್ಷೆಗಳು ಐದಿದ್ದರೂ ಇದು ಏಕವಚನವೇ, ಪೂರ್ಣ ವಾಕ್ಯದೊಳಗೆ ಮೊದಲಿನ ‘ಎ’ ಬಿಡುವಂತಿಲ್ಲ.

ದೇಶ ಬದಲಾದರೆ ಅರ್ಥವೇ ತಿರುಗುವುದೂ ಉಂಟು. ಸಭೆಯಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡೋಣ ಎಂದರೆ ಬ್ರಿಟನ್ನಿನಲ್ಲಿ ಚರ್ಚೆಗೆ ಎತ್ತಿಕೊಳ್ಳೋಣ ಎಂದು. ಅಮೆರಿಕದಲ್ಲಿ ಸದ್ಯಕ್ಕೆ ಬದಿಗಿಡೋಣ ಎಂದು. ಎರಡೂ ಕಡೆಯವರು ಕೂತ ಸಭೆಯಲ್ಲಿ ‘ಈಗಲೇ ಚರ್ಚಿಸೋಣವೇ, ಮುಂದೂಡೋಣವೇ?’ ಎಂದು ನೇರವಾಗಿ ಕೇಳಿಬಿಡಿ.

‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’, ಅಂದರೆ ಜೋರು ಮಳೆ ಸುರಿಯುವುದು, ನಮ್ಮ ಪಠ್ಯಪುಸ್ತಕಗಳ ಪ್ರೀತಿಯ ಮಾತು. ಇಂದಿನ ಮಾತುಕತೆಯಲ್ಲಿ ಅದು ಹಳತಾಗಿ ಕೇಳಿಸುತ್ತದೆ. ‘ಇಟ್ಸ್ ಪೋರಿಂಗ್’ ಸಾಕು.

ಹಾಗಾದರೆ ಕಲಿಯುವುದು ಹೇಗೆ? ಪಟ್ಟಿ ಮಾಡಿ ಬಾಯಿಪಾಠ ಮಾಡಬೇಡಿ. ಅದರಿಂದ ‘ಬೈಟ್ ದ ಬುಲೆಟ್’, ‘ಬೈಟ್ ದ ಡಸ್ಟ್’ ಎರಡೂ ಕಲಸಿಹೋಗುತ್ತವೆ. ಮೊದಲನೆಯದು ಕಷ್ಟವನ್ನು ಹಲ್ಲುಕಚ್ಚಿ ಎದುರಿಸುವುದು, ಎರಡನೆಯದು ಸೋತು ಮಣ್ಣುಮುಕ್ಕುವುದು. ನುಡಿಗಟ್ಟು ಕಿವಿಗೆ ಬಿದ್ದಾಗ ಇಡೀ ವಾಕ್ಯವನ್ನೇ ಬರೆದಿಡಿ. ಪಕ್ಕದಲ್ಲಿ ಹೇಳಿದವರು ಯಾರು, ಕೇಳಿದವರು ಯಾರು ಎಂದು ಗುರುತಿಸಿ. ಅದೇ ಮಾತು ಬೇರೆ ಬೇರೆ ಜನರಿಂದ ಎರಡು ಮೂರು ಸಲ ಕೇಳಿದ ಮೇಲೆ ನೀವೂ ಆಡಿ, ಮೊದಲು ಗೆಳೆಯರೊಂದಿಗೆ. ಅರ್ಜಿ, ಕರಾರುಪತ್ರ, ವೈದ್ಯರೊಡನೆ ಮಾತು, ಇಲ್ಲೆಲ್ಲ ನುಡಿಗಟ್ಟು ಬೇಡ. ಅಲ್ಲಿ ನೇರ ಮಾತೇ ಇರಲಿ.

ನಮಸ್ಕಾರ.