ಮೆಟಾಲಿಕಾ ಡೆಮೊ ಕ್ಯಾಸೆಟ್ಟು: ಯಾವ ಕಾಪಿಯ ಸ್ಪೀಡು ಸರಿ?

ನಮಸ್ಕಾರ. ಕೆಜಿಎಫ್ ರಾಬರ್ಟ್‌ಸನ್‌ಪೇಟೆಯ ವೀಕ್ಷಕರೊಬ್ಬರು ಒಳ್ಳೇ ಪ್ರಶ್ನೆ ಕೇಳಿದ್ದಾರೆ. ಅವರ ಹತ್ತಿರ ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ‘ನೋ ಲೈಫ್ ಟಿಲ್ ಲೆದರ್’ ಡೆಮೊ, ಅಂದರೆ ಆಲ್ಬಮ್ಮಿಗೂ ಮೊದಲಿನ ಮಾದರಿ ರೆಕಾರ್ಡಿಂಗು, ಇದೆ. 90ರ ದಶಕದಲ್ಲಿ ಬೆಂಗಳೂರಿನ ಗೆಳೆಯರು ಕಾಪಿ ಮಾಡಿಕೊಟ್ಟ ಕ್ಯಾಸೆಟ್ಟು. ಇಂಟರ್ನೆಟ್‌ನಲ್ಲಿ ಸಿಗುವ ಕಾಪಿಯ ಪಕ್ಕ ಇಟ್ಟು ಕೇಳಿದರೆ ಇವರದ್ದು ಸ್ವಲ್ಪ ಬೇಗ ಓಡುತ್ತದೆ, ಶ್ರುತಿಯೂ ಮೇಲಿದೆ. ಎರಡರಲ್ಲಿ ಯಾವುದು ಸರಿ?

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. 1982ರ ಜುಲೈ 6, ಕ್ಯಾಲಿಫೋರ್ನಿಯಾದ ಟಸ್ಟಿನ್ ಊರು. ಏಳು ಹಾಡು ರೆಕಾರ್ಡ್ ಆದವು. ಅಂಗಡಿಗೆ ಬಂದ ಮಾಲಲ್ಲ ಇದು. ಅಭಿಮಾನಿಗಳೇ ಕಾಪಿ ಮಾಡಿ ಒಬ್ಬರಿಗೊಬ್ಬರು ಅಂಚೆಯಲ್ಲಿ ಕಳಿಸಿದರು. ಡ್ರಮ್ಸ್ ನುಡಿಸುವ ಲಾರ್ಸ್ ಉಲ್ರಿಕ್‌ಗೂ ಹೀಗೆ ಕ್ಯಾಸೆಟ್ಟು ಬದಲಾಯಿಸುವ ಹುಚ್ಚಿತ್ತು. ಒಂದು ಕಾಪಿ ನ್ಯೂಜೆರ್ಸಿಯಲ್ಲಿ ರೆಕಾರ್ಡ್ ಅಂಗಡಿ ಇಟ್ಟಿದ್ದ ಜಾನ್ ಜಝೂಲಾ ಕೈಗೆ ಸಿಕ್ಕಿತು. ಅವರು ಬ್ಯಾಂಡನ್ನು ಕರೆಸಿಕೊಂಡರು. 1983ರ ಜುಲೈನಲ್ಲಿ ಮೊದಲ ಆಲ್ಬಮ್ ‘ಕಿಲ್ ಎಮ್ ಆಲ್’ ಬಂತು.

ಆದರೆ ಅಷ್ಟರಲ್ಲಿ ಬ್ಯಾಂಡಿನ ಇಬ್ಬರು ಬದಲಾಗಿದ್ದರು. ಡೆಮೊದಲ್ಲಿ ಲೀಡ್ ಗಿಟಾರು ಡೇವ್ ಮಸ್ಟೇನ್‌ದು, ಬೇಸ್ ರಾನ್ ಮೆಕ್‌ಗಾವ್ನಿದು. ‘ದಿ ಮೆಕ್ಯಾನಿಕ್ಸ್’ ಅಂತ ಇದ್ದ ಹಾಡು ಆಲ್ಬಮ್ಮಿನಲ್ಲಿ ‘ದಿ ಫೋರ್ ಹಾರ್ಸ್‌ಮೆನ್’ ಆಯಿತು, ನಡುವೆ ನಿಧಾನದ ಒಂದು ಭಾಗವೂ ಸೇರಿತು. ಸಂಗ್ರಹಕಾರರು ಡೆಮೊ ಹಿಂದೆ ಬೀಳುವುದು ಇದಕ್ಕೇ. ಆಲ್ಬಮ್ಮಿನಲ್ಲಿ ಸಿಗದ ಮೆಟಾಲಿಕಾ ಇಲ್ಲಿ ಸಿಗುತ್ತದೆ.

2015ರಲ್ಲಿ ಬ್ಯಾಂಡೇ ಇದನ್ನು ಅಧಿಕೃತವಾಗಿ ಕ್ಯಾಸೆಟ್ಟಿನಲ್ಲಿ ತಂದಿತು. ಅದನ್ನು ತರಿಸಿ ಹೋಲಿಸಬಹುದು, ನಿಜ. ಆದರೆ ಅದನ್ನೂ ನಿಮ್ಮ ಡೆಕ್ಕಿನಲ್ಲೇ, ಅಂದರೆ ಕ್ಯಾಸೆಟ್ ಪ್ಲೇಯರಿನಲ್ಲೇ, ಹಾಕಬೇಕಲ್ವಾ? ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು ಅನ್ನುವುದು ಲೆಕ್ಕ. ಹಳೇ ಡೆಕ್ಕಿನ ಮೋಟಾರು, ಬೆಲ್ಟು ಆ ಲೆಕ್ಕವನ್ನು ಸರಿಯಾಗಿ ಪಾಲಿಸುವುದು ಕಡಿಮೆ. ಪ್ರತಿ ಸಲ ಕಾಪಿ ಆದಾಗಲೂ ಸ್ಪೀಡು ಒಂಚೂರು ಆಚೀಚೆ ಆಗುತ್ತದೆ.

ನನಗೆ ತುಂಬ ಇಷ್ಟವಾದ ಸಂಗತಿ ಈಗ ಬರುತ್ತದೆ. ಸ್ಪೀಡಿನ ಸಾಕ್ಷಿ ಹಾಡಿನಲ್ಲಿಲ್ಲ, ಹಾಡಿನ ಹಿಂದಿನ ಗುಂಯ್ ಸದ್ದಿನಲ್ಲಿದೆ. ಅದು ಕರೆಂಟಿನ ಸದ್ದು. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಆವರ್ತನ; ನಮ್ಮಲ್ಲಿ 50. ಗಿಟಾರಿನ ಆಂಪ್ಲಿಫೈಯರ್ ಆನ್ ಆಗಿದ್ದರೆ ಸಾಕು, ಆ ಸದ್ದು ಟೇಪಿಗೆ ಇಳಿದುಬಿಡುತ್ತದೆ. ಡೇರಿಯಲ್ಲಿ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೋಡುತ್ತಾರಲ್ಲ, ಟೇಪಿಗೆ ಈ ಗುಂಯ್ ಸದ್ದೇ ಲ್ಯಾಕ್ಟೋಮೀಟರು.

[ಸ್ಕ್ರೀನ್ ಮೇಲೆ: ಆಡಾಸಿಟಿ ಅನ್ನುವ ಆಡಿಯೊ ಸಾಫ್ಟ್‌ವೇರಿನಲ್ಲಿ ಸ್ಪೆಕ್ಟ್ರೋಗ್ರಾಮ್, ಅಂದರೆ ಸದ್ದನ್ನು ಹರ್ಟ್ಸ್ ಪ್ರಕಾರ ಗೆರೆಗಳಾಗಿ ತೋರಿಸುವ ಚಿತ್ರ]

ನೋಡಿ, ಇದು ರಾಬರ್ಟ್‌ಸನ್‌ಪೇಟೆಯ ಕ್ಯಾಸೆಟ್ಟು. ಗಿಟಾರು ಶುರುವಾಗುವ ಮೊದಲಿನ ಹತ್ತು ಸೆಕೆಂಡನ್ನು ದೊಡ್ಡದು ಮಾಡಿದ್ದೇನೆ. ಹಾಡಿನ ಮಧ್ಯೆ ಅಳೆಯಬೇಡಿ, ಬೇಸ್ ಗಿಟಾರಿನ ಸ್ವರ ಅಡ್ಡ ಬರುತ್ತದೆ. ಎರಡು ಗೆರೆ ಕಾಣುತ್ತಿವೆ ಅಲ್ವಾ? ಮೇಲಿನದು 62 ಹರ್ಟ್ಸ್‌ನಲ್ಲಿ. ಅದು ಅಮೆರಿಕದ 60, ಮೇಲಕ್ಕೆ ಸರಿದಿದೆ. ಅಂದರೆ ದಾರಿಯಲ್ಲಿ ಎಲ್ಲೋ ಸ್ಪೀಡು ಶೇಕಡಾ 3ಕ್ಕಿಂತ ಸ್ವಲ್ಪ ಜಾಸ್ತಿ ಆಗಿದೆ. ಅರ್ಧ ಸ್ವರಕ್ಕೆ ಸುಮಾರು ಶೇಕಡಾ 6 ಬೇಕು, ಇಲ್ಲಿ ಅದರ ಅರ್ಧದಷ್ಟಿದೆ. ಅವರ ಕಿವಿಗೆ ಬಿದ್ದ ವ್ಯತ್ಯಾಸ ಇದೇ.

ಕೆಳಗಿನ ಗೆರೆ? ಅದು ನಮ್ಮ ಕರೆಂಟು. ನಮ್ಮದೇ ಡೆಕ್ಕಿನ ಸದ್ದು ಇರಬಹುದಾ ಅಂತ ಮೊದಲು ಟೇಪು ನಿಲ್ಲಿಸಿ ನೋಡಿದೆ. ಗೆರೆ ಹೋಯಿತು. ಹಾಗಾದರೆ ಅದು ಟೇಪಿನೊಳಗೇ ಇದೆ, ಇಲ್ಲಿ ಕಾಪಿ ಆದಾಗ ಸೇರಿದ್ದು. ಅದು 50ರಲ್ಲಿ ನಿಂತಿಲ್ಲ, 49ರ ಆಸುಪಾಸಿನಲ್ಲಿ ಮೆಲ್ಲಗೆ ಜರುಗುತ್ತಿದೆ. ಮೋಟಾರಿನ ತೊಂದರೆಯಾಗಿದ್ದರೆ ಎರಡೂ ಗೆರೆ ಒಟ್ಟಿಗೆ ಜರುಗಬೇಕಿತ್ತು. ಮೇಲಿನದು ನೆಟ್ಟಗಿದೆ. ಹಾಗಾಗಿ ಜರುಗಿದ್ದು ಕರೆಂಟೇ. 90ರ ದಶಕದಲ್ಲಿ ದಕ್ಷಿಣ ಭಾರತದಲ್ಲಿ ಬೇಡಿಕೆಗೆ ತಕ್ಕಷ್ಟು ವಿದ್ಯುತ್ ಇರಲಿಲ್ಲ, ಲೋಡು ಜಾಸ್ತಿಯಾದಾಗ ಫ್ರೀಕ್ವೆನ್ಸಿ 48ರ ಹತ್ತಿರಕ್ಕೂ ಇಳಿಯುತ್ತಿತ್ತು. 2003ರಲ್ಲಿ ವಿದ್ಯುತ್ ದರದ ನಿಯಮ ಬದಲಾದ ಮೇಲೆ ಸುಧಾರಿಸಿತು. ಶಿವನಸಮುದ್ರದಿಂದ 1902ರಲ್ಲೇ ಕರೆಂಟು ಕಂಡ ಊರು ಕೆಜಿಎಫ್. ಅಲ್ಲಿನ ಮನೆಯೊಂದರ ಕ್ಯಾಸೆಟ್ಟಿನಲ್ಲಿ ಕ್ಯಾಲಿಫೋರ್ನಿಯಾದ ಕರೆಂಟು, ಕರ್ನಾಟಕದ ಕರೆಂಟು ಎರಡೂ ಒಟ್ಟಿಗೆ ಕೂತಿವೆ. ನನಗಂತೂ ಇದು ಆ ಏಳು ಹಾಡಿನಷ್ಟೇ ಬೆಲೆಬಾಳುವ ವಿಷಯ.

ಹಾಗಾಗಿ ಉತ್ತರ: ನಮ್ಮ 49ನ್ನು ನಂಬಬೇಡಿ, 62ನ್ನು ಹಿಡಿದುಕೊಳ್ಳಿ. ಅದು 60ಕ್ಕೆ ಇಳಿಯುವಷ್ಟು ಸ್ಪೀಡು ಕಡಿಮೆ ಮಾಡಿ. ಇಂಟರ್ನೆಟ್ ಕಾಪಿಯನ್ನೂ ಇದೇ ಥರ ಅಳೆದೆ, ಗೆರೆ 60ರಲ್ಲೇ ಇದೆ. ಸ್ಪೀಡಿನ ಮಟ್ಟಿಗೆ ಅದೇ ಸರಿ.

ಟೈಮ್ ಆಗ್ತಾ ಬಂತು, ಉಳಿದದ್ದು ಒಟ್ಟಿಗೆ ಹೇಳುತ್ತೇನೆ. ಪ್ರತಿ ಕಾಪಿಯೂ ತನ್ನ ಪಾಲಿನ ‘ಸ್ಸ್’ ಸದ್ದು ಸೇರಿಸುತ್ತದೆ, ಹಾಗಾಗಿ ಕಡಿಮೆ ‘ಸ್ಸ್’ ಇರುವುದು ಸಾಮಾನ್ಯವಾಗಿ ಮೂಲಕ್ಕೆ ಹತ್ತಿರ. ಆದರೆ ಯಾರಾದರೂ ಸಾಫ್ಟ್‌ವೇರಿನಲ್ಲಿ ತೊಳೆದಿದ್ದರೆ ಈ ಲೆಕ್ಕ ಕೈಕೊಡುತ್ತದೆ, ಗುಂಯ್ ಸದ್ದೂ ಅಳಿಸಿಹೋಗುತ್ತದೆ. ಡಿಜಿಟಲ್ ಮಾಡುವಾಗ ಎಂಪಿ3 ಬೇಡ, ವೇವ್ ಫೈಲು ಇರಲಿ. ನಾಯ್ಸ್ ರಿಡಕ್ಷನ್ ಹಾಕದ ಕಾಪಿಯೊಂದನ್ನು ಹಾಗೇ ಎತ್ತಿಡಿ. ಡೆಕ್ಕಿನಲ್ಲಿ ಟೇಪನ್ನು ಓದುವ ಹೆಡ್ಡಿನ ಪಕ್ಕದ ಸ್ಕ್ರೂ ಒಂಚೂರು ತಿರುಗಿಸಿ, ಡ್ರಮ್ಸಿನ ಲೋಹದ ತಟ್ಟೆಯ (ಸಿಂಬಲ್) ಸದ್ದು ಸ್ಪಷ್ಟವಾಗುವ ಕಡೆ ನಿಲ್ಲಿಸಿ. ಕ್ಯಾಸೆಟ್ಟಿನ ಮೇಲಂಚಿನ ಪ್ಲಾಸ್ಟಿಕ್ ಚೂರು ಎರಡನ್ನೂ ಮುರಿದುಬಿಡಿ, ಅದರ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಮತ್ತೆ, ದಯವಿಟ್ಟು ಮಾರಬೇಡಿ. ಹಾಡಿನ ಹಕ್ಕು ಬ್ಯಾಂಡಿನದ್ದು.

ಚಾಂಪಿಯನ್ ರೀಫ್, ಊರಿಗಾಂ, ಮಾರಿಕುಪ್ಪಂ ಕಡೆ ಯಾರ ಮನೆಯಲ್ಲಾದರೂ ಪೆನ್ನಿನಲ್ಲಿ ಹೆಸರು ಬರೆದ ಇಂಥ ಕ್ಯಾಸೆಟ್ಟು ಇದ್ದರೆ ತಿಳಿಸಿ. ಮೊದಲ ಹಾಡಿಗೆ ಮುಂಚಿನ ಹತ್ತು ಸೆಕೆಂಡು ಕಳಿಸಿದರೆ ಸಾಕು, ಗೆರೆ ಎಲ್ಲಿದೆ ಅಂತ ಅಳೆದು ಹೇಳುತ್ತೇನೆ.